ಪಡುವಣ ಕಿಟಕಿಯ ಕೌದಿ

ಸುದ್ದಿ ಬಂದಾಗ ನಾನು ಬೈಲಹೊಂಗಲದ ಮಾರುಕಟ್ಟೆಯಲ್ಲಿ ಹತ್ತಿ ನೋಡುತ್ತ ನಿಂತಿದ್ದೆ. ಹಿಡಿ ಹತ್ತಿ ಕೈಯಲ್ಲಿತ್ತು. ಎಳೆದು ನೋಡಿ ದರ ಹೇಳಬೇಕಿತ್ತು. ಅಷ್ಟರಲ್ಲಿ ಕಿಸೆಯಲ್ಲಿದ್ದ ಫೋನು ಬಡಿದುಕೊಂಡಿತು. ಮಗಳು ಹೇಳಿದ್ದು ಒಂದೇ ಮಾತು. ನಾನು ಹತ್ತಿ, ದರ ಎಲ್ಲ ಮರೆತು ಎದುರಿಗಿದ್ದ ರೈತನಿಗೆ, "ಯಜಮಾನ್ರ, ನಾ ಅಜ್ಜ ಆದ್ನಿರಿ!" ಎಂದು ಕೂಗಿಬಿಟ್ಟೆ. ಆ ಹಿರಿಯ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಛಲೋ ಆತ್ರಿ. ಮತ್ತ ಹತ್ತಿಗೆ ಏನ್ ದರಾ ಹಚ್ಚತೀರಿ?" ಎಂದ. ಫೋನಿನ ಆ ಕಡೆಯಿಂದ ಮಗಳು ನಗುತ್ತಿದ್ದಳು.

"ಅಪ್ಪಾ, ಇನ್ನೂ ಭಾಳ ದಿನಾ ಅದಾವು. ಈಗ ಊರ ತುಂಬ ಡಂಗುರ ಹೊಡಿಬ್ಯಾಡ."

ಡಂಗುರ ಹೊಡೆಯದೆ ಇರುವುದು ನನ್ನಿಂದ ಆಗುವ ಕೆಲಸವೇ ಅಲ್ಲ. ಸಿಟ್ಟು ಬಂದರೂ ಸಂತೋಷವಾದರೂ ನನ್ನ ದನಿ ಓಣಿಯ ಕೊನೆಯವರೆಗೆ ಕೇಳುತ್ತದೆ. ಹೆಂಡತಿ ಇದ್ದಾಗ ಅದಕ್ಕೊಂದು ಕಡಿವಾಣವಿತ್ತು. ಅವಳು ಹುಬ್ಬು ಏರಿಸಿದರೆ ಸಾಕು, ನಾನು ಅರ್ಧ ದನಿಗೆ ಇಳಿಯುತ್ತಿದ್ದೆ. ಮಗಳನ್ನು ರಾಮದುರ್ಗಕ್ಕೆ ಕೊಟ್ಟು ಮದುವೆ ಮಾಡಿದ ಮರುವರ್ಷವೇ ಹೆಂಡತಿ ತೀರಿಕೊಂಡಳು. ನಮಗೆ ಇದ್ದವಳು ಒಬ್ಬಳೇ ಮಗಳು. ಅಂದಿನಿಂದ ಮನೆಯಲ್ಲಿ ನಾನು ಮತ್ತು ನನ್ನ ದನಿ, ಇಬ್ಬರೇ. ಈಗ ಅಂಥ ಮನೆಗೆ ಒಂದು ಕೂಸು ಬರುವುದಿತ್ತು! ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರಬೇಕು, ಬಾಣಂತಿಯೂ ಕೂಸೂ ಐದು ತಿಂಗಳು ತವರಿನಲ್ಲೇ ಇರಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ಅದನ್ನು ನೆಚ್ಚಿಕೊಂಡು ನಾನು ಆಗಲೇ ಮನಸ್ಸಿನಲ್ಲಿ ತೊಟ್ಟಿಲು ಕಟ್ಟಿ ತೂಗಲು ಸುರು ಮಾಡಿದ್ದೆ.

ಮಗಳಿಗೆ ಸೀಮಂತದ ಕುಬಸ ಮಾಡಿದ ದಿನ ರಾಮದುರ್ಗದಲ್ಲಿ ಬೀಗರ ಮನೆ ತುಂಬ ಜನ. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಕೂತಾಗ ಮಗಳ ಅತ್ತೆ, ಅಂದರೆ ನಮ್ಮ ಬೀಗತಿ, ನನ್ನ ಆ ತೊಟ್ಟಿಲಿಗೇ ಕೈ ಹಾಕಿದರು.

"ಬೀಗರ, ಒಂದ ಮಾತ ಹೇಳತೇನಿ, ಸಿಟ್ಟಾಗಬ್ಯಾಡ್ರಿ. ತಾಯಿ ಇಲ್ಲದ ತವರಮನಿಗೆ ಬಾಣಂತನಕ್ಕ ಹೆಂಗ ಕಳಸೂದ್ರಿ? ಇಲ್ಲೇ ಇರಲಿ. ಎಲ್ಲಾ ನಾ ಮಾಡತೇನಿ."

"ನಾ ಇದ್ದೇನಲ್ರಿ," ಎಂದೆ.

"ನೀವಿದ್ದೀರಿ, ಖರೆ. ಆದ್ರ ಕೂಸಂದ್ರ ಹತ್ತಿ ಅಂಡಿಗಿ ಏನ್ರಿ, ಒಂದ ಮೂಲ್ಯಾಗ ಒತ್ತಿ ಇಡಾಕ?"

ಪಡಸಾಲೆಯಲ್ಲಿ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಉರಿದುಹೋಯಿತು. ಆದರೆ ಅವರ ಮಾತಿನಲ್ಲಿ ಕೆಡುಕು ಇರಲಿಲ್ಲ, ಅದೇ ನನಗೆ ಇನ್ನಷ್ಟು ಸಂಕಟ. ಕೆಟ್ಟ ಮಾತಾಗಿದ್ದರೆ ಜಗಳವಾಡಬಹುದಿತ್ತು. ಆಗ ಮಗಳು ಹಸಿರು ಬಳೆ ಸದ್ದು ಮಾಡುತ್ತ, "ನಾ ಅಪ್ಪನ ಕಡೆ ಹೋಗತೇನ್ರಿ," ಎಂದಳು. ಅಷ್ಟೇ ಮಾತು. ನನಗೆ ಅಲ್ಲೇ ಎದ್ದು ಕುಣಿಯಬೇಕೆನಿಸಿತು.

ಬೀಗತಿ ಒಪ್ಪಿದರು. ಒಂದು ಷರತ್ತು ಹಾಕಿ ಒಪ್ಪಿದರು. "ಕೂಸು ದವಾಖಾನಿಯಿಂದ ನಿಮ್ಮ ಮನಿಗೆ ಬಂದಮ್ಯಾಲೆ ಒಂದ ದಿನಾ ಬರತೇನಿ. ಹೇಳಿ ಬರೂದಿಲ್ಲ ಮತ್ತ. ಖೋಲಿ ನೋಡತೇನಿ, ಕೂಸು ಹೆಂಗ ಮಲಗತೈತಿ ನೋಡತೇನಿ. ನನಗ ಸಮಾಧಾನ ಆಗಲಿಲ್ಲಂದ್ರ ಇಬ್ಬರನೂ ಗಾಡ್ಯಾಗ ಕುಂದ್ರಿಸಿಕೊಂಡು ಬರತೇನಿ. ಆವಾಗ ನೀವು ಬ್ಯಾಡ ಅನಬಾರದು."

"ಬರ್ರಿ, ನೋಡ್ರಿ!" ಎಂದು ನಾನು ಎದೆ ತಟ್ಟಿ ಹೇಳಿದೆ. ಎದೆ ತಟ್ಟುವಾಗ ನನ್ನ ಮನೆಯ ಯಾವ ಖೋಲಿಯನ್ನು ಕೂಸಿಗೆ ಕೊಡಬೇಕೆಂದೂ ನನಗೆ ಗೊತ್ತಿರಲಿಲ್ಲ.

ಮಗಳನ್ನು ಕರೆದುಕೊಂಡು ಬರುವಾಗ ಸವದತ್ತಿ ಹತ್ತಿರ ಕಾರನ್ನು ಉಗರಗೋಳದ ಕಡೆ ತಿರುಗಿಸಿದೆ. ಅಲ್ಲಿ ನನ್ನ ಅಕ್ಕ ಇದ್ದಾಳೆ. ದೇವಿಯ ಗುಡ್ಡಕ್ಕೆ ಬರುವ ಮಂದಿಗೆ ಬಳೆ, ಕುಂಕುಮ, ಅರಿಸಿನದ ಭಂಡಾರ ಮಾರುವ ಅಂಗಡಿ ಅವಳದು. ನಮ್ಮ ಬಳಗದಲ್ಲಿ ಅವಳ ಕೈಯಲ್ಲಿ ಎರೆಸಿಕೊಳ್ಳದ ಕೂಸು ಇಲ್ಲ. ವಿಷಯ ಕೇಳಿದ್ದೇ ತಡ, ಸೊಸೆಯ ಕೈಗೆ ಅಂಗಡಿಯ ಕೀಲಿಕೈ ಕೊಟ್ಟು, ಟ್ರಂಕು ಎತ್ತಿಕೊಂಡು ಕಾರು ಹತ್ತಿದಳು.

"ಖೋಲಿ ನೋಡತಾಳಂತೇನು ನಿಮ್ಮ ಬೀಗತಿ? ನೋಡ್ಲಿ ತಮ್ಮಾ! ಹನಿ ಗಾಳಿ ಒಳಗ ಹೊಗಬಾರದು, ಹಂಗ ಮಾಡತೇನಿ ಖೋಲಿ!"

ಹಿಂದಿನ ಸೀಟಿನಲ್ಲಿ ಮಗಳು ಹಣೆಗೆ ಕೈ ಹಚ್ಚಿಕೊಂಡಳು. ನಾನು ಕನ್ನಡಿಯಲ್ಲಿ ನೋಡಿದೆ, ಆದರೆ ಅದರ ಅರ್ಥ ನನಗೆ ಆಗ ಆಗಲಿಲ್ಲ.

ಆಮೇಲೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಡುವಣ ದಿಕ್ಕಿನ ದೊಡ್ಡ ಖೋಲಿಯನ್ನು ಕೂಸಿಗೆಂದು ಆರಿಸಿದೆ. ಬಚ್ಚಲು ಹತ್ತಿರ, ಅಡಿಗೆಮನೆ ಹತ್ತಿರ, ಎರಡು ಕಿಟಕಿ. ಹೆರಿಗೆಗೆ ಬಹಳ ಮೊದಲೇ ಬಣ್ಣ ಹಚ್ಚಿಸಿ ವಾಸನೆ ಹೋಗಲೆಂದು ಕಿಟಕಿ ತೆರೆದಿಟ್ಟೆ. ಬೆಳಗಾವಿಗೆ ಹೋದಾಗಲೆಲ್ಲ ಡಿಕ್ಕಿ ತುಂಬ ಸಾಮಾನು: ಜಾಲರಿ ಹಚ್ಚಿದ ಪುಟ್ಟ ದಿಂಬುಗಳು, ತೊಟ್ಟಿಲಿಗೆ ಕಟ್ಟುವ ಗಿಲಕಿ, ಕೂಸಿಗಿಂತ ದೊಡ್ಡದಾದ ಒಂದು ಕರಡಿ ಗೊಂಬೆ. ಗೋಡೆಗೆ ಹಾಕುವ ಉಷ್ಣಮಾಪಕ ಕೂಡ ತಂದೆ. ಅದರಲ್ಲಿ ಅಂಕಿ ಬದಲಾಗುವುದನ್ನು ನಾನು ಕ್ರಿಕೆಟ್ ಸ್ಕೋರ್ ನೋಡಿದ ಹಾಗೆ ನೋಡುತ್ತಿದ್ದೆ.

ಎಲ್ಲಕ್ಕಿಂತ ಹೆಚ್ಚು ಜಂಬವಿದ್ದದ್ದು ಗಾದಿಯ ಮೇಲೆ. ಜೀವಮಾನವೆಲ್ಲ ಹತ್ತಿಯ ನಡುವೆ ಕಳೆದವನು ನಾನು. ಮೊಮ್ಮಗುವಿನ ಗಾದಿಗೆ ಅಂಗಡಿಯ ಸರಕು ತರುತ್ತೇನೆಯೇ? ಒಳ್ಳೆಯ ಹತ್ತಿಯನ್ನು ನಾನೇ ಆರಿಸಿ, ಗಾದಿ ಮಾಡುವವನ ಎದುರು ಕೂತು, ಕಾಳು ಕಸ ಒಂದೂ ಉಳಿಯದಂತೆ ಹಿಂಜಿಸಿ ತುಂಬಿಸಿದೆ. ಬೆಣ್ಣೆ ಎಂದರೆ ಬೆಣ್ಣೆ. ಓಣಿಯವರನ್ನೆಲ್ಲ ಕರೆದು ಮುಟ್ಟಿ ನೋಡಿರೆಂದೆ.

ಇತ್ತ ಅಕ್ಕ ಕೌದಿ ಹೊಲಿಯಲು ಕೂತಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಕೈಹೊಲಿಗೆ ಹಾಕಿ ಮಾಡುವ ಹೊದಿಕೆ ಅದು. ಕೂಸು ಹುಟ್ಟುವ ಮನೆಯಲ್ಲಿ ಕೌದಿ ಇಲ್ಲವೆಂದರೆ ಹೇಗೆ? ಸೀರೆ ಕೊಡು ಎಂದಳು. ನಾನು ಹೆಂಡತಿಯ ಟ್ರಂಕು ತೆರೆದೆ. ಅವಳು ಹೋದಮೇಲೆ ಅದನ್ನು ಮುಟ್ಟಿರಲಿಲ್ಲ. ಡಾಂಬರು ಗುಳಿಗೆಯ ವಾಸನೆಯ ಜೊತೆ ಅವಳೇ ಎದ್ದು ಬಂದಂತಾಯಿತು. ದಿನವೂ ಉಡುತ್ತಿದ್ದ ಮೆತ್ತನೆಯ ಸೀರೆಗಳ ತಳದಲ್ಲಿ ಒಂದು ಹಸಿರು ಇಳಕಲ್ ಸೀರೆ ಇತ್ತು. ಮಗಳ ಮದುವೆಯಲ್ಲಿ ಬೀಗತಿ ತಮ್ಮ ಕೈಯಾರೆ ನನ್ನ ಹೆಂಡತಿಗೆ ಉಡಿಸಿದ್ದು. ಆ ದಿನ ಉಟ್ಟಿದ್ದೇ ಸೈ, ಮತ್ತೆ ಉಡುವ ಯೋಗ ಅವಳಿಗೆ ಬರಲಿಲ್ಲ.

"ಇದು ಹೊಸಾದು ಐತಿ. ಹೊಸ ಸೀರಿಗೆ ಕತ್ತರಿ ಹಾಕಬಾರದು," ಎಂದು ಅಕ್ಕ ಬದಿಗಿಟ್ಟಳು.

"ಹಾಕು ಅಕ್ಕಾ. ಇಟ್ಟು ಏನ್ ಮಾಡೂದೈತಿ? ಕೌದಿ ನಡುವ ಇರಲಿ ಅದು," ಎಂದೆ. ಅವಳು ಒಪ್ಪಲಿಲ್ಲ. ಕತ್ತರಿ ಕಸಿದುಕೊಂಡು ನಾನೇ ಕತ್ತರಿಸಿದೆ.

ಕೌದಿ ಮುಗಿಸುವಾಗ ಕೊನೆಯ ಮೂಲೆಯಲ್ಲಿ ಒಂದು ಚೂರು ಒಣ ರೊಟ್ಟಿ ಇಟ್ಟು ಹೊಲಿದು ಮುಚ್ಚುವುದು ನಮ್ಮ ಹೆಣ್ಣುಮಕ್ಕಳ ರೂಢಿ. ಕೌದಿ ಹಸಿದಿರಬಾರದು, ಹೊದ್ದವರೂ ಹಸಿದಿರಬಾರದು ಎಂದು. ಅಕ್ಕ ಆ ದಿನ ಉಬ್ಬಿಹೋಗಿದ್ದಳು. "ಚೊಚ್ಚಲ ಮೊಮ್ಮಗು, ಒಣಾ ರೊಟ್ಟಿ ಯಾಕ?" ಎಂದು ಅಂದು ಮನೆಯಲ್ಲಿ ಮಾಡಿದ್ದ ಹೋಳಿಗೆಯ ಚೂರನ್ನೇ ಇಟ್ಟು ಹೊಲಿದುಬಿಟ್ಟಳು. ನಾನು ಪಕ್ಕದಲ್ಲೇ ಕೂತು ಭೇಷ್ ಎಂದೆ.

ಎಲ್ಲ ಸಿದ್ಧವಾಯಿತು ಎಂದು ಮಗಳನ್ನು ಕರೆದು ಖೋಲಿ ತೋರಿಸಿದೆ. ಅದುವರೆಗೆ ಅವಳನ್ನು ಒಳಗೆ ಬಿಟ್ಟಿರಲಿಲ್ಲ. ಬಾಗಿಲು ತೆರೆದು, ಕೈ ಕಟ್ಟಿಕೊಂಡು, ಶಾಭಾಸ್ ಎನ್ನುತ್ತಾಳೆಂದು ಕಾದೆ. ತುಂಬುಗರ್ಭಿಣಿ ನಿಧಾನವಾಗಿ ತೊಟ್ಟಿಲ ಹತ್ತಿರ ಬಂದಳು. ಮೊದಲು ಕರಡಿಯನ್ನು ಎತ್ತಿ ಹೊರಗಿಟ್ಟಳು. ಆಮೇಲೆ ದಿಂಬು. ಆಮೇಲೆ ಗಿಲಕಿಯ ದಾರ ಬಿಚ್ಚಿದಳು. ಅಕ್ಕ ತಲೆ ಗುಂಡಗಾಗಲೆಂದು ಮಾಡಿದ್ದ ಸಾಸಿವೆ ದಿಂಬೂ ಹೊರಗೆ ಬಂತು.

"ಏನ್ ಮಾಡಾಕತ್ತಿ? ಅಂಗಡಿ ಖಾಲಿ ಮಾಡಸತಿಯೇನು?" ಎಂದು ನಾನು ಒದರಿದೆ.

"ಅಪ್ಪಾ, ಇಲ್ಲಿ ಕೈ ಇಡು." ನನ್ನ ಅಂಗೈಯನ್ನು ಗಾದಿಯ ಮೇಲಿಟ್ಟು ಒತ್ತಿದಳು. ನನ್ನ ಬೆಣ್ಣೆಯಂಥ ಹತ್ತಿಯಲ್ಲಿ ಕೈ ಮಣಿಕಟ್ಟಿನವರೆಗೆ ಮುಳುಗಿತು. "ನಿನ್ನ ಕೈ ನೀ ಎತ್ತಗೋತಿ. ಕೂಸಿನ ಮಾರಿ ಹಿಂಗ ಮುಳುಗಿದ್ರ ಅದಕ್ಕ ಎತ್ತಗೊಳ್ಳಾಕ ಬರೂದಿಲ್ಲ. ಅಳಾಕೂ ಉಸರು ಇರೂದಿಲ್ಲ. ಮಕ್ಕಳ ಡಾಕ್ಟರ್ ಹೇಳ್ಯಾರ, ಹಾಸಿಗಿ ಗಟ್ಟಿ ಇರಬೇಕು, ಸಪಾಟ ಇರಬೇಕು. ಕೂಸಿನ್ನ ಅಂಗಾತ ಮಲಗಸಬೇಕು. ತೊಟ್ಟಲದಾಗ ಕೂಸು ಬಿಟ್ರ ಮತ್ತೇನೂ ಇರಬಾರದು."

ಕೈಯನ್ನು ಗಾದಿಯಿಂದ ಕಿತ್ತುಕೊಂಡೆ. ಆದರೆ ಸೋಲುವುದು ಹೇಗೆ? "ಕೌದಿನೂ ಬ್ಯಾಡೇನು? ನಿಮ್ಮವ್ವನ ಸೀರಿ ಅದಾವು ಅದರಾಗ," ಎಂದೆ. ಆ ಮಾತಿಗೆ ಅವಳ ಕಣ್ಣು ತುಂಬಿತು. ಕೌದಿಯನ್ನು ಎತ್ತಿ ಮೂಸಿ ನೋಡಿದಳು. ಆದರೂ, "ಹೊಚ್ಚಾಕ ಬ್ಯಾಡ ಅಪ್ಪಾ. ಜಾರಿ ಮಾರಿ ಮ್ಯಾಲೆ ಬಿದ್ರ? ಮತ್ತ ಇದು ಎಂಥಾ ಬ್ಯಾಸಗಿ," ಎಂದಳು.

ಈಗ ಅಕ್ಕನ ಸರದಿ. ಬಾಣಂತಿಯ ಖೋಲಿಗೆ ಗಾಳಿ ಆಡಬಾರದು, ಕಿಟಕಿ ಮುಚ್ಚಿ ಸಂದಿಗೆ ಅರಿವೆ ತುರುಕಬೇಕು, ಮಂಚದ ಕೆಳಗೆ ಕೆಂಡ ಇಡಬೇಕು, ಕೂಸಿಗೆ ಕುಂಚಿಗೆ, ಸ್ವೆಟರು, ಮೇಲೊಂದು ಕೌದಿ. "ನಿನ್ನೂ ಹಿಂಗ ಬೆಳಸೇನಿ. ಏನ ಕಡಿಮಿ ಆಗೇತಿ ನಿನಗ?" ಎಂದು ಸೊಂಟಕ್ಕೆ ಕೈಯಿಟ್ಟು ನಿಂತಳು. ನಾನು ಯಾರ ಕಡೆ ಮಾತಾಡಲಿ? ಅಕ್ಕ ಮುನಿದು ಉಗರಗೋಳಕ್ಕೆ ಹೋದರೆ ಬಾಣಂತನ ಮಾಡುವವರಿಲ್ಲ. ಮಗಳು ಮುನಿದರೆ ಕೂಸೇ ರಾಮದುರ್ಗಕ್ಕೆ. ನಡುವೆ ನಿಂತು ಇಬ್ಬರಿಗೂ ಹೌದು ಹೌದು ಎಂದೆ.

"ಹಂಗಾದ್ರ ಒಂದ ಕೆಲಸಾ ಮಾಡೂಣು," ಎಂದಳು ಮಗಳು. ಹುಬ್ಬು ಏರಿತ್ತು, ಥೇಟ್ ಅವಳ ಅವ್ವನ ಹಾಗೆ. "ದೊಡ್ಡತ್ತಿ ಹೇಳಿದಂಗ ಖೋಲಿ ಮಾಡ್ರಿ. ಮೊದಲ ಅಪ್ಪ ಮಲಗಿ ನೋಡ್ಲಿ. ಕೆಂಡ ಒಂದ ಬ್ಯಾಡ. ಮುಚ್ಚಿದ ಖೋಲ್ಯಾಗ ಕೆಂಡ ಇಟ್ರ ಅಪ್ಪ ಏಳೂದ ಇಲ್ಲ."

ಮಲಗುವುದೇನು ಮಹಾ! ಒಪ್ಪಿಕೊಂಡೆ. ಊಟವಾದ ಮೇಲಿನ ಉರಿಬಿಸಿಲಿನ ಹೊತ್ತು. ಅಕ್ಕ ಹುರುಪಿನಿಂದ ಕಿಟಕಿ ಬಡಿದಳು, ಸಂದಿ ಮುಚ್ಚಿದಳು, ಬಾಗಿಲ ಕೆಳಗೆ ಗೋಣಿ ತುರುಕಿದಳು. ನನಗೆ ಸ್ವೆಟರು, ಕಾಲುಚೀಲ, ಕಿವಿ ಮುಚ್ಚುವ ಉಣ್ಣೆ ಟೊಪ್ಪಿಗೆ. ಗದ್ದದವರೆಗೆ ಕೌದಿ ಎಳೆದು, ಫ್ಯಾನು ಬಂದ್ ಮಾಡಿ, "ಮಲಕ್ಕೋ ಕೂಸ," ಎಂದು ಹಣೆ ತಟ್ಟಿ ಹೋದಳು.

ಮೊದಲು ಹಾಯೆನಿಸಿತು. ಹೆಂಡತಿಯ ಸೀರೆಯ ಮೆತ್ತನೆಯ ಸ್ಪರ್ಶ ಗದ್ದಕ್ಕೆ ತಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಟೊಪ್ಪಿಗೆಯೊಳಗೆ ಬೆವರು ಇಳಿಯತೊಡಗಿತು. ಮೇಲಿನ ಸ್ಲ್ಯಾಬು ರೊಟ್ಟಿ ಹಂಚಿನ ಹಾಗೆ ಕಾದು ಬಿಸಿ ಕೆಳಗೆ ಬಿಡುತ್ತಿತ್ತು. ಪಡುವಣ ಕಿಟಕಿಯ ಗಾಜಿನಿಂದ ಬಿಸಿಲು ನೇರ ಮುಖಕ್ಕೆ. ಬಾಯಿ ಒಣಗಿತು. ಉಷ್ಣಮಾಪಕದ ಕಡೆ ನೋಡಲು ಧೈರ್ಯವಾಗಲಿಲ್ಲ. ಹಟದಿಂದ ಹಲ್ಲು ಕಚ್ಚಿ ಮಲಗಿದೆ, ಆದರೆ ನಿದ್ದೆಯಲ್ಲ, ಒಂದು ನಮೂನೆಯ ಜೋಂಪು ಹತ್ತಿತು. ಅದು ನನಗೆ ಹೆದರಿಕೆ ಹುಟ್ಟಿಸಿತು. ಕೌದಿ ಒದ್ದು, ಗೋಣಿ ಸಮೇತ ಬಾಗಿಲು ದಬ್ಬಿ ಹೊರಗೆ ಬಿದ್ದೆ.

ಅಕ್ಕ ನನ್ನ ಅವತಾರ ನೋಡಿ ನಕ್ಕು ನಕ್ಕು ನೆಲಕ್ಕೆ ಕೂತಳು. ಮಗಳು ಹೊಟ್ಟೆ ಹಿಡಿದುಕೊಂಡು, "ನಗಸಬ್ಯಾಡ ಅಪ್ಪಾ, ಇಲ್ಲೇ ಹೆರತೇನಿ," ಎಂದಳು. ನಾನು ಕೊಡದಲ್ಲಿದ್ದ ನೀರನ್ನು ತಲೆಯ ಮೇಲೆ ಸುರಿದುಕೊಂಡೆ. ಅಷ್ಟರಲ್ಲಿ ಅಕ್ಕನ ನಗು ನಿಂತಿತು. ನಾನು ಕಳಚಿದ ಒದ್ದೆ ಸ್ವೆಟರನ್ನು ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಿದ್ದಳು.

"ನೀ ಎದ್ದು ಓಡಿ ಬಂದಿ ತಮ್ಮಾ," ಎಂದಳು. "ಕೂಸು ಹೆಂಗ ಎದ್ದು ಬರತೈತಿ?"

ಅವಳೇ ಒಳಗೆ ಹೋಗಿ ಕಿಟಕಿಯ ಸಂದಿಯ ಅರಿವೆಗಳನ್ನು ಒಂದೊಂದಾಗಿ ಕಿತ್ತಳು. ಕೀಳುತ್ತಲೇ ಮಾತಾಡಿದಳು. ಹಿಂದೆ ನಮ್ಮದು ಮೇಲ್ಮುದ್ದೆಯ ಮನೆ, ತಲೆಯ ಮೇಲೆ ಮೊಳದಷ್ಟು ಮಣ್ಣು, ಗೋಡೆಯೂ ಹಾಗೇ ದಪ್ಪ. ಬೇಸಿಗೆಯಲ್ಲೂ ಒಳಗೆ ತಂಪು, ಚಳಿಗಾಲದಲ್ಲಿ ಕೊರೆಯುವ ಥಂಡಿ. ನನ್ನ ಮಗಳು ಹುಟ್ಟಿದ್ದು ಅಂಥ ಚಳಿಗಾಲದಲ್ಲಿ. ಆ ಮನೆಗೆ ಸರಿಯಿದ್ದದ್ದು ಈ ಸ್ಲ್ಯಾಬಿನ ಮನೆಗೆ ಹೊಂದುವುದಿಲ್ಲ ಎಂದು ಅವಳೇ ಲೆಕ್ಕ ಹಾಕಿಕೊಂಡಳು. ನನಗೆ ಅಕ್ಕನ ಮೇಲೆ ಅಭಿಮಾನ ಉಕ್ಕಿ ಬಂತು. ಅರಿವೆ ಕೀಳಲು ನಾನೂ ಕೂಡಿಕೊಂಡೆ.

ಅಲ್ಲಿಂದ ನಮ್ಮ ಮೂವರ ಕೆಲಸ ಒಂದೇ ದಾರಿಗೆ ಬಿತ್ತು. ನನ್ನ ಉತ್ಸಾಹ ಇಮ್ಮಡಿಯಾಯಿತು. ಎಂ.ಕೆ. ಹುಬ್ಬಳ್ಳಿ ಕಡೆಯ ಪರಿಚಯದವರ ಹೊಲದಿಂದ ಕಬ್ಬಿನ ಒಣ ಸೋಗೆಯ ರವದಿ ತರಿಸಿ, ಖೋಲಿಯ ನೆತ್ತಿಯ ಮೇಲೆ ಹಂದರ ಹಾಕಿಸಿದೆ. ಸ್ಲ್ಯಾಬಿಗೆ ಸುಣ್ಣ ಬಳಿದೆ, ಸಂಜೆ ನೀರು ಹೊಡೆದೆ. ತೊಟ್ಟಿಲಿಗೆ ತೆಳ್ಳನೆಯ ಗಟ್ಟಿ ಹಾಸು ಮಾಡಿಸಿ, ಮೇಲೆ ಒಂದೇ ಒಂದು ಹತ್ತಿಯ ಬಟ್ಟೆಯನ್ನು ಬಿಗಿಯಾಗಿ ಎಳೆದು ಸಿಕ್ಕಿಸಿದೆವು. ತೊಟ್ಟಿಲನ್ನು ಕಿಟಕಿಯಿಂದ ದೂರ, ಮಗಳ ಮಂಚದ ಮಗ್ಗುಲಿಗೆ ಸರಿಸಿದೆವು. ಬೆಣ್ಣೆಯಂಥ ಗಾದಿ ನನ್ನ ಮಂಚಕ್ಕೆ ಬಂತು. ನನ್ನ ಕಾಲು ಅದರಿಂದ ಹೊರಗೇ ಇರುತ್ತಿತ್ತು, ಇರಲಿ.

ಒಂದೇ ಕೊರಗು. ಕೌದಿ ಮತ್ತೆ ಟ್ರಂಕು ಸೇರಿತ್ತು. ಹೊಸ ಸೀರೆ ಕತ್ತರಿಸಿದ್ದೂ ವ್ಯರ್ಥವಾಯಿತಲ್ಲ ಎಂದು ಅತ್ತ ಹೋದಾಗಲೆಲ್ಲ ಮನಸ್ಸು ಹಿಂಡುತ್ತಿತ್ತು. ಮತ್ತೆ ಪಡುವಣ ಕಿಟಕಿಯ ಕಾಟ ಮಾತ್ರ ಹೋಗಿರಲಿಲ್ಲ. ಪರದೆ ಹಾಕಿದೆ, ಎರಡು ಪದರ ಹಾಕಿದೆ. ಸಂಜೆಯ ಬಿಸಿಲು ಅದನ್ನು ದಾಟಿ ಬರುತ್ತಿತ್ತು. ಕಿಟಕಿ ಮುಚ್ಚಿದರೆ ಗಾಳಿಯಿಲ್ಲ, ತೆರೆದರೆ ಬೆಂಕಿ.

ಆಗ ಒಂದು ದಿನ ಅಡಿಗೆಮನೆಯಿಂದ ಟ್ರಂಕಿನವರೆಗೆ ಇರುವೆಗಳ ಮೆರವಣಿಗೆ! ಹೋಗುವವು ಹೋಗುತ್ತಿವೆ, ಬರುವವು ಬರುತ್ತಿವೆ, ಬೀಗರ ಊಟಕ್ಕೆ ಹೊರಟ ಹಾಗೆ. ಟ್ರಂಕು ತೆರೆದರೆ ಕೌದಿಯ ಒಂದು ಮೂಲೆ ಕೆಂಪಗೆ ಹರಿದಾಡುತ್ತಿದೆ. ಅಕ್ಕನ ಹೋಳಿಗೆ!

"ಕೂಸಿನ ಮೈಮ್ಯಾಲೆ ಇದ್ದಿದ್ರ?" ಎಂದು ನಾನು ಕೂಗಿದೆ. ಅಕ್ಕ ನಾಲಿಗೆ ಕಚ್ಚಿಕೊಂಡು, ಮೂಲೆ ಬಿಚ್ಚಿ, ಕೌದಿಯನ್ನು ಬಚ್ಚಲಕಲ್ಲಿಗೆ ಹಾಕಿ ತಿಕ್ಕಿ ತಿಕ್ಕಿ ಒಗೆದಳು. ಒಣಗಿಸಲು ಹೋದರೆ ತಂತಿಯ ಮೇಲೆ ಜಾಗವಿಲ್ಲ. ಹೆರಿಗೆ ಹತ್ತಿರ ಬಂದಿತೆಂದು ಕೂಸಿನ ಅರಿವೆಗಳನ್ನೆಲ್ಲ ಒಗೆದು ಹಾಕಿತ್ತು. ನೀರು ಸೋರುವ ಕೌದಿಯನ್ನು ನಾನು ಹೊತ್ತುಕೊಂಡು ಹೋಗಿ, ಸಿಟ್ಟಿನಲ್ಲೇ ಪಡುವಣ ಕಿಟಕಿಯ ಕಬ್ಬಿಣದ ಸರಳಿಗೆ ಹೊರಗಿನಿಂದ ತೂಗುಹಾಕಿ ಬಂದೆ.

ಇಳಿಹೊತ್ತಿಗೆ ಉಷ್ಣಮಾಪಕ ನೋಡುವ ಚಟಕ್ಕೆ ಖೋಲಿಗೆ ಹೋದೆ. ಬಾಗಿಲಲ್ಲೇ ನಿಂತೆ. ಒಳಗೆ ನಸುಗತ್ತಲು, ಒದ್ದೆ ಅರಿವೆಯ ವಾಸನೆ, ತಣ್ಣನೆಯ ಗಾಳಿ. ಕೌದಿಯ ಪದರಗಳನ್ನು ದಾಟಿ ಬಿಸಿಲು ಒಂದು ಎಳೆಯೂ ಒಳಗೆ ಬಂದಿರಲಿಲ್ಲ. ಅದರ ಬದಿಯಿಂದ ನುಸುಳಿದ ಗಾಳಿ ತಂಪಾಗಿ ಬರುತ್ತಿತ್ತು. ಅಂಕಿ ಕೆಳಗಿಳಿದಿತ್ತು.

"ಅಕ್ಕಾ! ಬಾ ಇಲ್ಲಿ! ಮಗಳ! ಬರ್ರಿ ಎಲ್ಲಾರೂ!" ನನ್ನ ಕೂಗಿಗೆ ಓಣಿಯವರೂ ಬಂದರು. ಮಗಳು ಖೋಲಿಯ ನಡುವೆ ನಿಂತು ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. "ಅವ್ವ ಬಂದಂಗ ಆತು," ಎಂದಳು ಮೆಲ್ಲಗೆ. ಅಂದೇ ನಾನು ಕಿಟಕಿಯ ಹೊರಗೆ ಗಟ್ಟಿಯಾದ ಮೊಳೆ ಹೊಡೆದು, ಗಾಳಿಗೆ ಹಾರದಂತೆ ನಾಲ್ಕೂ ಮೂಲೆಗೆ ಕಸೆ ಕಟ್ಟಿದೆ. ದಿನವೂ ಅದಕ್ಕೆ ನೀರು ಚಿಮುಕಿಸುವ ಕೆಲಸವನ್ನು ಅಕ್ಕ ಹಿಡಿದಳು.

ಹೆಣ್ಣು ಕೂಸು ಹುಟ್ಟಿತು! ದವಾಖಾನೆಯಲ್ಲಿ ಮೊದಲ ಸಲ ಕೈಗೆ ಕೊಟ್ಟಾಗ ಅದು ನನ್ನ ಮುಖಕ್ಕೇ ಸೀನಿತು. ಅದಕ್ಕಿಂತ ದೊಡ್ಡ ಸನ್ಮಾನ ನನಗೆ ಯಾವ ಸಭೆಯಲ್ಲೂ ಆಗಿಲ್ಲ. ಅಲ್ಲಿ ಬೀಗತಿಯೂ ಇದ್ದರು. ಕೂಸಿಗೆ ದೃಷ್ಟಿ ನಿವಾಳಿಸಿ, ನನ್ನ ಕಡೆ ತಿರುಗಿ, "ಬರತೇನ್ರಿ ಮತ್ತ, ನೆನಪ ಐತಿಲ್ಲೋ?" ಎಂದರು. ನೆನಪಿಲ್ಲದೆ ಏನು!

ಕೂಸು ಮನೆಗೆ ಬಂತು. ಅಂಗಾತ ಮಲಗಿ, ಎರಡೂ ಕೈ ಮೇಲೆತ್ತಿ, ಗೆದ್ದವರ ಹಾಗೆ ನಿದ್ದೆ ಮಾಡುತ್ತಿತ್ತು. ಮೈಮೇಲೆ ಒಂದು ತೆಳು ಅಂಗಿ, ಅಷ್ಟೇ. ಕೈಕಾಲು ತಣ್ಣಗಿದ್ದರೆ ಗಾಬರಿಯಾಗಬೇಡ, ಕತ್ತಿನ ಹಿಂದೆ ಮುಟ್ಟಿ ನೋಡು, ಅಲ್ಲಿ ಬೇಸಿಗೆಯ ಬೆವರು ಇರಬಾರದು ಎಂದು ಮಗಳು ಕಲಿಸಿದ್ದಳು. ನಾನು ಹೋಗಿಬಂದಾಗಲೆಲ್ಲ ಮುಟ್ಟುತ್ತಿದ್ದೆ. "ಅದರ ಹೆಡಕು ಸವದು ಹೋಗತೈತಿ, ಬಿಡು," ಎಂದು ಅಕ್ಕ ಬೈಯುತ್ತಿದ್ದಳು.

ಅದರ ನಡುವೆ ಒಂದೊಂದು ಸಲ ಬೀಗತಿಯ ಕಣ್ಣಿನಿಂದ ಖೋಲಿಯನ್ನು ನೋಡಿ ಬೆವರುತ್ತಿದ್ದೆ. ಏನಿದೆ ಇಲ್ಲಿ? ಬರಿಯ ಹಾಸು, ದಿಂಬಿಲ್ಲ, ಹೊದಿಕೆಯಿಲ್ಲ, ಗೊಂಬೆಯಿಲ್ಲ. ಹತ್ತಿ ವ್ಯಾಪಾರಿಯ ಮೊಮ್ಮಗಳು ಹಲಗೆಯಂಥ ಹಾಸಿನ ಮೇಲೆ! ಬಡವರ ಮನೆಯಲ್ಲೂ ಇದಕ್ಕಿಂತ ಹೆಚ್ಚು ಸಾಮಾನು ಇರುತ್ತದೆ. ಮೇಲಾಗಿ ಅವರೇ ಉಡಿಸಿದ ಹಸಿರು ಸೀರೆ ತುಂಡಾಗಿ, ಬಿಸಿಲಿಗೆ ಬಣ್ಣ ಬಿಡುತ್ತ, ಕಿಟಕಿಗೆ ಜೋತಾಡುತ್ತಿದೆ. ಕಂಡರೆ ಏನೆಂದಾರು?

ಅವರು ಬಂದದ್ದು ಸುಡುಸುಡು ಮಧ್ಯಾಹ್ನ. ಅಳಿಯ ಕಾರು ನಿಲ್ಲಿಸುವಷ್ಟರಲ್ಲಿ ಇವರು ಪಡಸಾಲೆ ದಾಟಿ ಬಂದಿದ್ದರು. ನೀರು ಕೊಟ್ಟರೆ ಬೇಡವೆಂದರು. "ಮೊದಲ ಖೋಲಿ," ಎಂದರು. ಅದೇ ಕ್ಷಣಕ್ಕೆ ಕರೆಂಟು ಹೋಯಿತು. ಫ್ಯಾನಿನ ಸದ್ದು ನಿಧಾನವಾಗಿ ಸತ್ತಿತು.

ಬೀಗತಿ ಒಳಗೆ ಬಂದು ಸುತ್ತ ನೋಡಿದರು. ಖಾಲಿ ತೊಟ್ಟಿಲಿನಂಥ ತೊಟ್ಟಿಲು, ಅದರಲ್ಲಿ ಕೂಸೊಂದೇ. ಅವರ ಹುಬ್ಬು ಗಂಟಾಯಿತು. "ಹೊಚ್ಚಿಲ್ಲ, ಹಾಸಿಲ್ಲ. ಇದೇನ್ರಿ ಬೀಗರ?" ಎಂದರು.

ಅಕ್ಕ ಮುಂದೆ ಬಂದಳು. "ಮುಟ್ಟಿ ನೋಡ್ರಿ ಕೂಸಿನ್ನ. ಹೆಡಕಿಗೆ ಕೈ ಹಚ್ಚಿ ನೋಡ್ರಿ."

ಬೀಗತಿ ಬಾಗಿ, ಎರಡು ಬೆರಳನ್ನು ಕೂಸಿನ ಕತ್ತಿನ ಹಿಂದೆ ಸರಿಸಿದರು. ಹೊರಗೆ ಬಿಸಿಲಿಗೆ ಕಾಗೆಯೂ ಕೂಗುತ್ತಿರಲಿಲ್ಲ. ತಮ್ಮ ಹಣೆಯ ಬೆವರನ್ನು ಸೆರಗಿನಿಂದ ಒರೆಸಿಕೊಂಡು, ಮತ್ತೆ ಮುಟ್ಟಿದರು. ಒಣಗಿತ್ತು. ಕೂಸು ತುಟಿ ಚಪ್ಪರಿಸಿ, ಆಚೆ ಮುಖ ಮಾಡಿ ನಿದ್ದೆ ಮುಂದುವರಿಸಿತು. ಅವರು ನೆಟ್ಟಗಾಗಿ, ಈ ತಂಪು ಎಲ್ಲಿಂದ ಬರುತ್ತಿದೆ ಎನ್ನುವಂತೆ ಸುತ್ತ ತಿರುಗಿ, ಕಿಟಕಿಯ ಹತ್ತಿರ ಹೋದರು.

ಸರಳಿನೊಳಗೆ ಕೈ ಹಾಕಿ ಕೌದಿ ಮುಟ್ಟಿದರು. ಬೆಳಿಗ್ಗೆ ಅಕ್ಕ ಚಿಮುಕಿಸಿದ ನೀರಿನ ಪಸೆ ಇನ್ನೂ ಇತ್ತು. ಅವರ ಬೆರಳು ಸೀರೆಯಿಂದ ಸೀರೆಗೆ ಸರಿಯುತ್ತ ನಡುವಿನ ಹಸಿರು ತುಂಡಿನ ಮೇಲೆ ನಿಂತಿತು.

"ಇದು ನಾ ಉಡಿಸಿದ ಇಳಕಲ್ ಸೀರಿ ಅಲ್ಲೇನ್ರಿ?"

"ಹೌದ್ರಿ," ಎಂದೆ. "ಕತ್ತರಿ ಹಾಕಿದ್ದು ನಾನ. ಅಕ್ಕ ಬ್ಯಾಡ ಅಂದ್ಲು. ಎಲ್ಲಾ ಆಕಿವ ಸೀರಿ. ಕೂಸಿಗೆ ಹೊಚ್ಚಾಕಂತ ಹೊಲಿಸಿದ್ವಿ. ಹೊಚ್ಚಬಾರದಂದ್ರು, ಅದಕ್ಕ ಇಲ್ಲಿ..."

ಬೀಗತಿ ತೊಟ್ಟಿಲಿನ ಮಗ್ಗುಲಿಗೆ ನೆಲದ ಮೇಲೆ ಕೂತರು. ಕರೆಂಟು ಬರಲಿಲ್ಲ. ಬೀಸಣಿಗೆ ತರಲು ಹೋದ ಮಗಳನ್ನು ಕೈಸನ್ನೆಯಿಂದ ತಡೆದರು. ಬಹಳ ಹೊತ್ತು ಕೂಸನ್ನು ನೋಡಿದರು, ಕಿಟಕಿಯನ್ನು ನೋಡಿದರು. ಕೊನೆಗೆ ನನ್ನ ಕಡೆ ತಿರುಗಿದಾಗ ಅವರ ಕಣ್ಣಲ್ಲಿ ನೀರಿತ್ತು.

"ತಾಯಿ ಇಲ್ಲದ ತವರಮನಿ ಅಂದಿದ್ನಿ ನಾ. ಈಕಿ ತಾಯಿ ಇಲ್ಲೇ ಬಿಸಲಿಗೆ ಬೆನ್ನ ಕೊಟ್ಟು ನಿಂತಾಳಲ್ರಿ. ನಾ ಕರಕೊಂಡ ಹೋಗಿ ಏನ ಮಾಡ್ಲಿ?"

ನನಗೆ ಅಳು ಬಂತು. ಮುಚ್ಚಿಡಲಿಲ್ಲ, ಎಲ್ಲರೆದುರೇ ಅತ್ತೆ. ಎಂಥ ಸಂತೋಷವೆಂದರೆ ಓಣಿಯ ಕೊನೆಯವರೆಗೆ ಕೇಳುವಂತೆ ಕೂಗಬೇಕೆನಿಸಿ ಬಾಯಿಯನ್ನೂ ತೆರೆದೆ. ಕೂಸು ಮಲಗಿತ್ತು. ಕಿಟಕಿಯ ಕಡೆ ಒಮ್ಮೆ ನೋಡಿ, ಅರ್ಧ ದನಿಯಲ್ಲಿ "ಚಹಾ ಇಡತೇನ್ರಿ," ಎಂದು ಹೇಳಿ ಅಡಿಗೆಮನೆಗೆ ಹೋದೆ.